ಚಿಪ್ ಬದಲಾದ ಲ್ಯಾಪ್‌ಟಾಪ್ ಈಗ್ಲೇ ತಗೋಬೇಕಾ, ಜನ ಎಲ್ಲ ತಗೊಳ್ಳೋವರೆಗೂ ಕಾಯ್ಬೇಕಾ?

ಚಿತ್ರದುರ್ಗದಲ್ಲಿ ಟ್ಯಾಕ್ಸ್ ಆಫೀಸ್ ಇದೆ, ಇಂಟೆಲ್ ಬಿಟ್ಟು ಎಆರ್‌ಎಂ (ಮೊಬೈಲಲ್ಲಿರೋ ಥರದ, ಕಮ್ಮಿ ಕರೆಂಟ್ ತಿನ್ನೋ ಬೇರೆ ಜಾತಿ) ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪ್‌ಗೆ ಈಗ್ಲೇ ಹೋಗ್ಲಾ, ಒಂದೆರಡು ವರ್ಷ ಬಿಟ್ಟು ಹೋಗ್ಲಾ ಅಂತ ಕೇಳಿದ್ದೀರಿ. ಓದ್ತಿದ್ದಂಗೆ 2024ರ ನವೆಂಬರ್ 20ನೇ ತಾರೀಖಿನ ರಾತ್ರಿ ಕಣ್ಮುಂದೆ ಬಂತು.

ನಂದು ದಾವಣಗೆರೆ. ಅಶೋಕ ರೋಡ್ ಹತ್ರ ಮಹಡಿ ಮೇಲೆ ಸಣ್ಣ ಆಫೀಸು, ಟ್ಯಾಲಿ ಸಾಫ್ಟ್‌ವೇರಲ್ಲಿ ಲೆಕ್ಕ ಬರೆಯೋದು, ಜಿಎಸ್‌ಟಿ ರಿಟರ್ನ್ ಹಾಕೋದು. ಹಳೇ ಲ್ಯಾಪ್‌ಟಾಪ್ ಕರೆಂಟ್ ಹೋದ್ರೆ ಇಪ್ಪತ್ತು ನಿಮಿಷ ಬರ್ತಿರ್ಲಿಲ್ಲ. ಆ ವರ್ಷ ಜೂನಲ್ಲಿ ಸ್ನಾಪ್‌ಡ್ರಾಗನ್ ಎಕ್ಸ್ ಅನ್ನೋ ಎಆರ್‌ಎಂ ಚಿಪ್ಪಿನವು ಬಂದಿದ್ವು, ಎಲ್ಲಿ ನೋಡಿದ್ರೂ ದಿನವಿಡೀ ಬ್ಯಾಟರಿ ಅನ್ನೋದೇ ಮಾತು. ದೀಪಾವಳಿ ಆಫರಲ್ಲಿ ಒಂದು ಎಆರ್‌ಎಂ ಲ್ಯಾಪ್‌ಟಾಪ್ ತಗೊಂಡೆ. ಕಂಪನಿ ಹೆಸರು ಬೇಡ, ತಪ್ಪು ಅವರದ್ದಲ್ಲ, ನಂದೇ. ಅದೇನು ಅಂತ ಬಿಡಿಸಿ ಹೇಳ್ತೀನಿ, ನೀವೂ ಅದನ್ನೇ ಮಾಡೋ ದಾರೀಲಿದ್ದೀರಿ ಅನ್ಸುತ್ತೆ.

ಅಂಗಡಿಗೆ ಹೋದಾಗ ಪೆನ್‌ಡ್ರೈವಲ್ಲಿ ಟ್ಯಾಲಿ ಹಾಕ್ಕೊಂಡು ಹೋಗಿದ್ದೆ. "ತಮ್ಮಾ, ಇದು ಓಡುತ್ತಾ ನೋಡು" ಅಂದೆ. ಹುಡುಗ ಇನ್‌ಸ್ಟಾಲ್ ಮಾಡಿ ತೋರಿಸ್ದ, ಚೆನ್ನಾಗಿ ತೆರೀತು, ವೋಚರ್ ಎಂಟ್ರಿ ಆಯ್ತು, ರಿಪೋರ್ಟ್ ಬಂತು. ಅಷ್ಟಕ್ಕೇ ನನ್ನ ಕೆಲಸವೆಲ್ಲ ಇದರಲ್ಲಿ ನಡೆಯುತ್ತೆ ಅಂತ ತೀರ್ಮಾನ ಮಾಡ್ಬಿಟ್ಟೆ. ಪಾರ್ಟಿಗಳ ಡಿಜಿಟಲ್ ಸಿಗ್ನೇಚರ್ ಟೋಕನ್‌ಗಳು, ಅಂದ್ರೆ ಆನ್‌ಲೈನಲ್ಲಿ ಸಹಿ ಹಾಕೋಕೆ ಚುಚ್ಚೋ ಪೆನ್‌ಡ್ರೈವ್ ಥರದವು, ಆಫೀಸ್ ಡ್ರಾಯರಲ್ಲಿದ್ವು, ಒಂದೊಂದಕ್ಕೂ ದಾರ ಕಟ್ಟಿ ಚೀಟಿ ಅಂಟಿಸಿಟ್ಟಿದ್ದೆ. ಅಂಗಡಿಯಿಂದ ಆಫೀಸಿಗೆ ಬೈಕಲ್ಲಿ ಹತ್ತು ನಿಮಿಷ ಇಲ್ಲ. ಒಂದೇ ಒಂದು ಟೋಕನ್ ತಂದು ಆ ಲ್ಯಾಪ್‌ಟಾಪಿಗೆ ಚುಚ್ಚಿ ನೋಡಿದ್ರೆ ಅಲ್ಲೇ ಗೊತ್ತಾಗ್ತಿತ್ತು. ಆಮೇಲೂ ಹದಿನೈದು ದಿನ ಟೈಮಿತ್ತು. ಡೇಟಾ ಸಾಗಿಸೋವರೆಗೂ ಹಳೇದು ಪಕ್ಕದಲ್ಲೇ ಇತ್ತು, 11ನೇ ತಾರೀಖಿನ ಜಿಎಸ್‌ಟಿಆರ್-1 ಅನ್ನೋ ಮಾರಾಟದ ರಿಟರ್ನಿಗೆ ಅಭ್ಯಾಸಬಲದಿಂದ ಹಳೇದರಲ್ಲೇ ಟೋಕನ್ ಚುಚ್ಚಿ ಸಹಿ ಮುಗಿಸ್ದೆ, ಹೊಸದರಲ್ಲಿ ಟ್ಯಾಲಿ ಬರೆದೆ, ಎಕ್ಸೆಲ್ ಮಾಡ್ದೆ, ಎಲ್ಲಾ ಸರಿಯಿದೆ ಅಂದ್ಕೊಂಡು 15ಕ್ಕೆ ಹಳೇದನ್ನ ಮಾರ್ಬಿಟ್ಟೆ.

ತೆರಿಗೆ ಕಟ್ಟಿ ತಿಂಗಳ ರಿಟರ್ನ್ ಹಾಕೋಕೆ 20ನೇ ತಾರೀಖೇ ಕೊನೆ. ಅವತ್ತು ಸಂಜೆ ಚನ್ನಗಿರಿ ಕಡೆಯ ಅಡಿಕೆ ವ್ಯಾಪಾರದವರು ಎದುರಿಗೆ ಕೂತಿದ್ರು. ಅವರದ್ದು ಪ್ರೈವೇಟ್ ಲಿಮಿಟೆಡ್ ಕಂಪನಿ, ರಿಟರ್ನಿಗೆ ಡಿಜಿಟಲ್ ಸಹಿ ಬೇಕೇಬೇಕು. ಟೋಕನ್ ಚುಚ್ದೆ. ಲೈಟ್ ಮಿಣುಕ್ತಿತ್ತು, ಸಹಿ ಹಾಕೋ ಕಡೆ ಸರ್ಟಿಫಿಕೇಟ್ ಪಟ್ಟಿ ಖಾಲಿ. ಕಿತ್ತು ಇನ್ನೊಂದು ಕಡೆ ಚುಚ್ದೆ, ಖಾಲಿ. ಡ್ರೈವರ್ (ಟೋಕನ್ನನ್ನ ವಿಂಡೋಸಿಗೆ ಗುರುತು ಹಿಡಿಸೋ ಸಣ್ಣ ಸಾಫ್ಟ್‌ವೇರ್) ಮತ್ತೆ ಹಾಕ್ದೆ, ರೀಸ್ಟಾರ್ಟ್ ಮಾಡ್ದೆ, ಖಾಲಿ. "ಏನ್ರಿ, ಹೊಸ ಮಷಿನ್ ಅಂದ್ರಿ?" ಅಂದ್ರು. "ಐದು ನಿಮಿಷ ಸಾವ್ಕಾರ್ರೆ" ಅಂತ ಅಂದಿದ್ದು ಎಂಟೂವರೆಗೆ, ಒಂಬತ್ತೂವರೆಗೂ ಅದನ್ನೇ ಅಂತಿದ್ದೆ. ತರಿಸಿದ್ದ ಮಿರ್ಚಿ ಮಂಡಕ್ಕಿ ಹಂಗೇ ಮೆತ್ತಗಾಗಿ ಬಿದ್ದಿತ್ತು, ಇಬ್ರೂ ಮುಟ್ಲಿಲ್ಲ. ಗೆಳೆಯನ ಆಫೀಸಲ್ಲಿ ಮಾಡಾಣ ಅಂದ್ರೆ ಅವನು ಹರಿಹರದಲ್ಲಿ ರಿಸೆಪ್ಷನ್ನಿಗೆ ಹೋಗಿದ್ದ, ಬಂದು ಬಾಗಿಲು ತೆಗೆದು ಅವನ ಕಂಪ್ಯೂಟರಿಗೆ ಆ ಟೋಕನ್ನಿನ ಡ್ರೈವರ್ ಹಾಕೋ ಹೊತ್ತಿಗೆ ಹನ್ನೆರಡು ದಾಟಿತ್ತು.

ಲೇಟ್ ಫೀ 50 ರೂಪಾಯಿ. ಕಟ್ಟಬೇಕಿದ್ದ ನಾಲ್ಕು ಲಕ್ಷಕ್ಕೆ ವರ್ಷಕ್ಕೆ 18 ಪರ್ಸೆಂಟ್ ಲೆಕ್ಕದಲ್ಲಿ ಒಂದು ದಿನದ ಬಡ್ಡಿ ಇನ್ನೂರರ ಹತ್ರ. ಎರಡನ್ನೂ ನಾನೇ ಕೊಟ್ಟೆ. ಮುಂದಿನ ತಿಂಗಳು ಅವರ ಮಗ ಬಂದು ಫೈಲು, ಟೋಕನ್ ಎಲ್ಲಾ ಇಸ್ಕೊಂಡು ಹೋದ, ಜೊತೆಗೆ ಅವರ ಅಳಿಯನ ಲೆಕ್ಕನೂ ಹೋಯ್ತು. ಎಂಟು ವರ್ಷದ ಪಾರ್ಟಿ ಅದು.

ಯಾಕೆ ಹಿಂಗಾಯ್ತು ಅಂತ ಆಮೇಲೆ ಕೂತು ಓದಿ ತಿಳ್ಕೊಂಡೆ. ಇಂಟೆಲ್‌ಗೆ ಬರೆದ ಪ್ರೋಗ್ರಾಮ್ ಎಆರ್‌ಎಂ ಮೇಲೆ ಓಡಿಸೋಕೆ ವಿಂಡೋಸ್ ಒಳಗೆ ಪ್ರಿಸಮ್ ಅಂತ ಒಂದು ದುಭಾಷಿ ಇದೆ, ಇಂಟೆಲ್ ಆದೇಶಗಳನ್ನ ಎಆರ್‌ಎಂ ಆದೇಶಗಳಾಗಿ ತಿರುಗಿಸಿ ಕೊಡುತ್ತೆ. ಟ್ಯಾಲಿ ತೆರೆದಿದ್ದು ಅದರಿಂದಾನೇ. ಆದ್ರೆ ಡ್ರೈವರ್ ಕೂತ್ಕೊಳ್ಳೋದು ವಿಂಡೋಸ್ ತಿರುಳಲ್ಲಿ, ಅಲ್ಲಿಗೆ ಈ ದುಭಾಷಿಗೆ ಪ್ರವೇಶ ಇಲ್ಲ. ಅಲ್ಲಿರೋದು ಎಆರ್‌ಎಂ64ಗೇ, ಅಂದ್ರೆ ಈ ಚಿಪ್ಪಿಗೇ ಬರೆದ ಡ್ರೈವರ್ ಆಗಿರಬೇಕು, ಬೇರೆ ದಾರಿ ಇಲ್ಲ. ನನ್ನ ಟೋಕನ್ನಿಗೆ ಅದಿರ್ಲಿಲ್ಲ. ಕಂಟಿನ್ಯುಯಸ್ ಪೇಪರ್ ಹಾಕೋ ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೂ ಇರ್ಲಿಲ್ಲ ಅಂತ ಆ ವಾರವೇ ಗೊತ್ತಾಯ್ತು.

ಅದಕ್ಕೇ ನಿಮ್ಮ ಪ್ರಶ್ನೆಯೇ ತಪ್ಪು ಅಂತೀನಿ, ಬೇಜಾರಾಗ್ಬೇಡಿ. ಜನ ತಗೊಂಡ್ರೆ ಎಲ್ಲಾ ತಾನೇ ಸರಿಹೋಗುತ್ತೆ ಅನ್ನೋದು ಆ್ಯಪಲ್ ನೋಡಿ ಬಂದಿರೋ ನಂಬಿಕೆ. ಅವರು 1994ರಲ್ಲಿ ಪವರ್‌ಪಿಸಿ, 2006ರಲ್ಲಿ ಇಂಟೆಲ್, 2020ರಲ್ಲಿ ಸ್ವಂತ ಎಂ1 ಅಂತ ಮೂರು ಸಲ ಚಿಪ್ ಬದಲಾಯಿಸಿದ್ರು, ಪ್ರತಿ ಸಲಾನೂ ಹಳೇ ಚಿಪ್ಪಿನ ಮ್ಯಾಕ್ ಮಾಡೋದನ್ನೇ ನಿಲ್ಲಿಸಿದ್ರು. ಮ್ಯಾಕ್ ಬೇಕು ಅನ್ನೋರಿಗೆ, ಅದಕ್ಕೆ ಸಾಮಾನು ಮಾಡೋರಿಗೆ ಹಿಂದೆ ಹೋಗೋ ದಾರಿನೇ ಇರ್ಲಿಲ್ಲ. ವಿಂಡೋಸಲ್ಲಿ ಇಂಟೆಲ್ದೂ ಎಆರ್‌ಎಂದೂ ಒಂದೇ ಟೇಬಲ್ ಮೇಲೆ ಅಕ್ಕಪಕ್ಕ ಇಟ್ಟು ಮಾರ್ತಾರೆ. 2012ರಲ್ಲಿ ಮೈಕ್ರೋಸಾಫ್ಟ್ ಎಆರ್‌ಎಂ ಮೇಲೆ ಸರ್ಫೇಸ್ ಆರ್‌ಟಿ ಅನ್ನೋ ಟ್ಯಾಬ್ಲೆಟ್ ತಂದಾಗ ಹಳೇ ಪ್ರೋಗ್ರಾಮ್ ಒಂದೂ ಓಡ್ತಿರ್ಲಿಲ್ಲ, ಮರುವರ್ಷ 90 ಕೋಟಿ ಡಾಲರ್ ನಷ್ಟ ಬರ್ಕೊಂಡ್ರು. ಈಗ ಪ್ರೋಗ್ರಾಮ್ ಓಡ್ತವೆ, ಆ ಕಷ್ಟ ಮುಕ್ಕಾಲು ಪಾಲು ಮುಗೀತು. ಉಳಿದಿರೋದು ನಿಮ್ಮ ಟೇಬಲ್ ಮೇಲಿರೋ ಹಳೇ ಸಾಮಾನು. ಹತ್ತು ವರ್ಷದ ಹಿಂದೆ ಮಾರಿದ ಪ್ರಿಂಟರಿಗೆ ಯಾವ ಕಂಪನಿ ಈಗ ಕೂತು ಹೊಸ ಡ್ರೈವರ್ ಬರೆಯುತ್ತೆ ಹೇಳಿ? ಎರಡಲ್ಲ, ಐದು ವರ್ಷ ಕಾದ್ರೂ ಬರಲ್ಲ ಅಂತಾನೇ ನನ್ನ ನಂಬಿಕೆ.

ಹಂಗಂತ ಅದು ಕೆಟ್ಟ ಲ್ಯಾಪ್‌ಟಾಪ್ ಅಲ್ಲ. ಈಗ ನನ್ನ ಮಗಳ ಹತ್ರ ಇದೆ, ಬೆಳಿಗ್ಗೆ ಕಾಲೇಜಿಗೆ ಚಾರ್ಜರ್ ಮನೇಲೇ ಬಿಟ್ಟು ಹೋಗ್ತಾಳೆ, ಸಂಜೆ ಬಂದಾಗ್ಲೂ ಚಾರ್ಜ್ ಉಳಿದಿರುತ್ತೆ. ಅವಳು ಅದಕ್ಕೆ ಚುಚ್ಚೋದು ಪೆನ್‌ಡ್ರೈವ್ ಮಾತ್ರ. ನಾನು ಆಫೀಸಿಗೆ ಸೆಕೆಂಡ್ ಹ್ಯಾಂಡ್ ಇಂಟೆಲ್ ಒಂದು ತಂದ್ಕೊಂಡೆ.

ನೀವು ಇವತ್ತೇ ಒಂದು ಕೆಲಸ ಮಾಡಿ. ಲ್ಯಾಪ್‌ಟಾಪಿಗೆ ವರ್ಷದಲ್ಲಿ ಒಂದೇ ಒಂದ್ಸಲ ಚುಚ್ಚೋದಾದ್ರೂ ಸರಿ, ಟೋಕನ್, ಪ್ರಿಂಟರ್, ಸ್ಕ್ಯಾನರ್, ಬೆರಳಿನ ಗುರುತು ತಗೊಳ್ಳೋ ಮಷಿನ್ ಎಲ್ಲಾ ಒಂದು ಚೀಲಕ್ಕೆ ಹಾಕ್ಕೊಂಡು ಅಂಗಡಿಗೆ ಹೋಗಿ. ಕನ್ನಡ ಟೈಪಿಂಗಿಗೆ ಹಳೇ ಸಾಫ್ಟ್‌ವೇರ್ ಇದ್ರೆ ಅದನ್ನೂ ಒಯ್ಯಿರಿ, ಕೀಬೋರ್ಡ್ ಹಿಡಿತಕ್ಕೆ ತಗೊಳ್ಳೋ ಅಂಥವೂ ತೊಂದ್ರೆ ಕೊಡಬಹುದು. ದುಡ್ಡು ಕೊಡೋಕೆ ಮುಂಚೆ ಒಂದು ಸಹಿ ಹಾಕಿ, ಒಂದು ಪೇಜ್ ಪ್ರಿಂಟ್ ತೆಗೀರಿ. ಅಂಗಡಿಯವನು ಆಗಲ್ಲ ಅಂದ್ರೆ ಎದ್ದು ಬನ್ನಿ. ಎಲ್ಲಾ ನಡೆದ್ರೆ ಒಂದು ದಿನಾನೂ ಕಾಯ್ಬೇಡಿ. ಒಂದೇ ಒಂದು ನಡೀದಿದ್ರೂ ಆ ಸಾಮಾನು ಬದಲಾಯ್ಸಿ, ಇಲ್ಲಾಂದ್ರೆ ಇಂಟೆಲ್ ತಗೊಳ್ಳಿ. ಹಳೇ ಲ್ಯಾಪ್‌ಟಾಪ್ ಮಾತ್ರ ಒಂದು ಪೂರ್ತಿ 20ನೇ ತಾರೀಖು ದಾಟೋವರೆಗೂ ಕೊಡ್ಬೇಡಿ.

ನಿಮ್ಮ ಟೋಕನ್, ಪ್ರಿಂಟರ್ ಮಾಡೆಲ್ ನಂಬರ್ ಇಲ್ಲಿ ಹಾಕಿ, ಎಆರ್‌ಎಂ64 ಡ್ರೈವರ್ ಇದೆಯಾ ಅಂತ ನಾನೇ ಹುಡುಕಿ ಹೇಳ್ತೀನಿ. ತಿಂಗಳ ಮಧ್ಯದಲ್ಲಿ ಕೇಳಿದ್ರೆ ಒಂದೆರಡು ದಿನ ತಡ ಆಗಬಹುದು.