ಚಿಕನ್ ಬರ್ಗರ್, ಬೀಫ್ ಬರ್ಗರ್: ಆರೋಗ್ಯಕ್ಕೆ ಯಾವುದು ವಾಸಿ?

ಕೋಳಿ ಅಂದಮಾತ್ರಕ್ಕೆ ವಾಸಿ ಅಂತ ಹೇಳೋಕಾಗಲ್ಲ. ಹೇಗೆ ಬೇಯಿಸಿದ್ದಾರೆ ಅನ್ನೋದರ ಮೇಲೆ ಹೋಗುತ್ತೆ.

ಬರೀ ಮಾಂಸ ನೋಡಿದರೆ ಕೋಳಿಯದೇ ಮೇಲುಗೈ. ಚರ್ಮ ತೆಗೆದ 100 ಗ್ರಾಂ ಹಸಿ ಎದೆಮಾಂಸದಲ್ಲಿ ಕೊಬ್ಬು ಸುಮಾರು 3 ಗ್ರಾಂ. ಬರ್ಗರಿಗೆ ಅಮೆರಿಕದಲ್ಲಿ ಸಾಮಾನ್ಯವಾಗಿ ಬಳಸುವ ದನದ ಖೀಮಾದಲ್ಲಿ 20 ಗ್ರಾಂ, ಅದರಲ್ಲಿ ಏಳೆಂಟು ಗ್ರಾಂ ಸ್ಯಾಚುರೇಟೆಡ್, ಅಂದರೆ ಹೃದಯಕ್ಕೆ ಅಷ್ಟು ಒಳ್ಳೇದಲ್ಲದ ಬಗೆಯ ಕೊಬ್ಬು. ಕೋಳಿ ಖೀಮಾ ಮಾಡುವಾಗ ಚರ್ಮವನ್ನೂ ಸೇರಿಸಿದರೆ ಈ ಅಂತರ ಕಡಿಮೆಯಾಗುತ್ತೆ.

ಆದರೆ ಬೆಂಗಳೂರಲ್ಲಿ ಆ ಲೆಕ್ಕ ಹಾಗೇ ಕೂರಲ್ಲ. 2021ರಲ್ಲಿ ಜಾರಿಗೆ ಬಂದ ಕಾಯ್ದೆ ಪ್ರಕಾರ ಇಲ್ಲಿ ಹಸು, ಎತ್ತು, ಕರು ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ. ಹಾಗಾಗಿ ಫ್ರೇಜರ್ ಟೌನ್ ಕಡೆ ಬೀಫ್ ಅಂತ ಸಿಗೋದು ಸಾಮಾನ್ಯವಾಗಿ ಎಮ್ಮೆ ಮಾಂಸ. ಅದರಲ್ಲಿ ಕೊಬ್ಬು ಕಡಿಮೆ. ಇನ್ನು ಇಲ್ಲಿನ ಚಿಕನ್ ಬರ್ಗರ್ ಬಹುಪಾಲು ಮೈದಾ, ಬ್ರೆಡ್ ಪುಡಿ ಹಚ್ಚಿ ಎಣ್ಣೆಯಲ್ಲಿ ಕರಿದದ್ದು, ಮೇಲೊಂದಿಷ್ಟು ಮಯೋನೀಸ್ ಬೇರೆ! ಅದರ ಮುಂದೆ ತವಾ ಮೇಲೆ ಸುಟ್ಟ ಎಮ್ಮೆ ಪ್ಯಾಟಿಯೇ ಹಗುರ ಅನ್ನಿಸಿದರೆ ಆಶ್ಚರ್ಯವಿಲ್ಲ.

ಕಬ್ಬಿಣ, ಬಿ12 ಕೆಂಪು ಮಾಂಸದಲ್ಲಿ ಜಾಸ್ತಿ. ರಕ್ತಹೀನತೆ ಇರೋರಿಗೆ ಇದು ಮುಖ್ಯ. ಹಾಗಂತ ದಿನಾ ತಿನ್ನಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಕೆಂಪು ಮಾಂಸವನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಗುಂಪಿಗೆ ಸೇರಿಸಿದೆ. ಬೇಕನ್, ಸಾಸೇಜ್ ತರಹದ ಸಂಸ್ಕರಿಸಿದ ಮಾಂಸ ಇನ್ನೂ ಮೇಲಿನ ಗುಂಪಲ್ಲಿದೆ.

ನನ್ನನ್ನು ಕೇಳಿದರೆ, ಗ್ರಿಲ್ ಮಾಡಿದ ಚಿಕನ್ ತಗೊಳ್ಳಿ, ಚೀಸ್ ಬೇಡ ಅನ್ನಿ, ಜೊತೆಗೆ ಕೊಡೋ ಫ್ರೈಸ್ ಮತ್ತು ಕೋಲಾ ಬಿಡಿ.