ಆ ಗೆರೆಗಳ ಅರ್ಥ ಏನು?

ಓದುಗರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಪ್ಯೂಬ್ಲೋ ಮೂಲನಿವಾಸಿಗಳ ಊರಾದ ಅಕೋಮಾದ ಮಡಕೆಯ ಫೋಟೋ ಹಾಕಿದ್ದೀರಿ. ಕೂದಲೆಳೆಯಂಥ ಗೆರೆಗಳು. ಕೈಯಲ್ಲಿ ಬರೆದದ್ದೋ, ಅಚ್ಚೋ? ಆಕಾರಗಳ ಅರ್ಥ ಯಾಕೆ ಕೊಡಲಿಲ್ಲ? ನಮ್ಮ ರಂಗೋಲಿಯೇ ಅಲ್ಲಿಗೆ ಹೋಗಿರಬಹುದಾ? ಮಗಳು ಫೀನಿಕ್ಸ್‌ನಲ್ಲಿದ್ದಾಳೆ, ಒಂದು ತರಿಸೋಣ ಅಂತ."

ರಂಗೋಲಿ ವಿಷಯ ಮೊದಲು ಮುಗಿಸಿಬಿಡೋಣ. ಸಂಬಂಧ ಇಲ್ಲ. ಚುಕ್ಕಿ ಇಟ್ಟರೆ ಅರ್ಧ ಲೆಕ್ಕ ಚುಕ್ಕಿಯೇ ನೋಡಿಕೊಳ್ಳುತ್ತದೆ, ನೆಲವೂ ಸಪಾಟು. ಅಕೋಮಾ ಹೆಂಗಸಿನ ಮುಂದಿರುವುದು ಉಬ್ಬಿದ ಹೊಟ್ಟೆಯ ಮಡಕೆ. ಅದೂ ತಿಗರಿಯ ಮೇಲೆ ಆದದ್ದಲ್ಲ. ಹಳೆ ಮಡಕೆಯ ಬೋಕಿಗಳನ್ನು ಅರೆದು ಮಣ್ಣಿಗೆ ಬೆರೆಸಿ, ಹುರಿಯಂತೆ ಹೊಸೆದು, ಸುತ್ತಿ ಸುತ್ತಿ ಏರಿಸಿದ್ದು.

ಗೆರೆ ಕೈಯದೇ. ಕತ್ತಾಳೆಯಂಥ ಯುಕ್ಕಾ ಗಿಡದ ಎಲೆಯ ತುದಿ ಜಗಿದು, ಬೇಕಾದಷ್ಟು ನಾರು ಮಾತ್ರ ಉಳಿಸಿಕೊಂಡರೆ ಅದೇ ಕುಂಚ. ಕಪ್ಪು ಬಣ್ಣ ಬೀವೀಡ್ ಅನ್ನುವ ಕಾಡುಗಿಡವನ್ನು ಕುದಿಸಿ ಗಟ್ಟಿ ಮಾಡಿದ ರಸಕ್ಕೆ ಕಬ್ಬಿಣದ ಅದಿರಿನ ಪುಡಿ ಸೇರಿಸಿದ್ದು. ಅದನ್ನು ಬಿಳಿ ಜೇಡಿ ಬಳಿದ ಮೈಮೇಲೆ ಎಳೆಯುತ್ತಾರೆ.

ಕಷ್ಟ ಇರುವುದು ಗೆರೆ ಸಣ್ಣದು ಅನ್ನುವುದರಲ್ಲಲ್ಲ. ವಿನ್ಯಾಸ ಮಡಕೆಯನ್ನು ಸುತ್ತಿಬಂದು ಹೊರಟ ಜಾಗಕ್ಕೇ ಸೇರಬೇಕು. ನಾಲ್ಕು ಸಲ ಬರಬೇಕಾದ ಮೆಟ್ಟಿಲಿನಾಕಾರ ಮೂರೂಮುಕ್ಕಾಲಕ್ಕೆ ನಿಂತರೆ ಏನು ಮಾಡುತ್ತೀರಿ? ಹಾಗಾಗಿ ಬೆರಳಲ್ಲಿ, ಕಣ್ಣಲ್ಲಿ ಅಳೆದು, ಇಡೀ ಚಿತ್ರ ತಲೆಯಲ್ಲಿ ಕೂತ ಮೇಲೇ ಕೈ ಹಾಕುವುದು. ಗೆರೆಗಳೂ ಸುಮ್ನೆ ಅಲ್ಲ. ಪಕ್ಕಪಕ್ಕ ಒತ್ತಾಗಿ ಎಳೆದ ಜಾಗ ದೂರದಿಂದ ಬೂದು ಬಣ್ಣದ ಹಾಗೆ ಕಾಣುತ್ತದೆ. ಒಂದೇ ಬಣ್ಣದಲ್ಲಿ ಮೂರು ಛಾಯೆ! ಪೂರ್ತಿ ಕಪ್ಪು ತುಂಬಿದ ಮೆಟ್ಟಿಲಿಗೆ ಗೆರೆ ತುಂಬಿದ ಮೆಟ್ಟಿಲು ಹಲ್ಲಿಗೆ ಹಲ್ಲು ಕೂಡಿಕೊಂಡಿರುವುದನ್ನು ನಮ್ಮ ಫೋಟೋದಲ್ಲೇ ನೋಡಿ. ಇದು ನೂರಾರು ವರ್ಷ ಹಿಂದೆ ಆ ಭಾಗದಲ್ಲಿ ಆಗುತ್ತಿದ್ದ, ಟುಲರೋಸಾ ಅನ್ನುವ ಕಪ್ಪು-ಬಿಳಿ ಮಡಕೆಗಳ ರೀತಿ. 1950ರ ದಶಕದಲ್ಲಿ ಲೂಸಿ ಲೂಯಿಸ್, ಮೇರಿ ಚೀನೊ ಅವರಂಥ ಅಕೋಮಾ ಕಲಾವಿದೆಯರು ಇಂಥ ಹಳೆಯ ವಿನ್ಯಾಸಗಳಿಗೆ ಮತ್ತೆ ಜೀವ ಕೊಟ್ಟರು.

ಇನ್ನು ಅರ್ಥ. ಬೇಕಂತಲೇ ಬಿಟ್ಟೆ. ಒತ್ತುಗೆರೆ ಅಂದರೆ ಮಳೆ, ಮೆಟ್ಟಿಲು ಅಂದರೆ ಮೋಡ ಅಂತ ಪಟ್ಟಿ ಕೊಡುವುದು ಸುಲಭ. ಅಂಗಡಿಯವರು ಕೊಡುತ್ತಾರೆ ಕೂಡ. ಆದರೆ ನ್ಯೂ ಮೆಕ್ಸಿಕೋದಲ್ಲೇ ಇರುವ ಚಾಕೋ ಕಣಿವೆಯ ಹಳೆ ಮಡಕೆಗಳಲ್ಲಿ ಇದೇ ಒತ್ತುಗೆರೆ ನೀಲಿ-ಹಸಿರು ಬಣ್ಣದ ಬದಲಿಗೆ ನಿಂತಿದೆ ಅನ್ನುವುದು ಪುರಾತತ್ತ್ವಜ್ಞ ಸ್ಟೀಫನ್ ಪ್ಲಾಗ್ ಅವರ ವಾದ. ಯಾವುದನ್ನು ಪಟ್ಟಿಗೆ ಹಾಕೋಣ? 1920ರ ದಶಕದಲ್ಲಿ ಪ್ಯೂಬ್ಲೋ ಕುಂಬಾರ್ತಿಯರ ಜೊತೆ ಕೂತು ವಿಚಾರಿಸಿದ ಮಾನವಶಾಸ್ತ್ರಜ್ಞೆ ರೂತ್ ಬಂಜೆಲ್ ಅವರಿಗೂ ಊರಿಂದೂರಿಗೆ ಬೇರೆ ಬೇರೆ ಉತ್ತರವೇ ಸಿಕ್ಕಿತು. ವಿನ್ಯಾಸ ಕನಸಲ್ಲಿ ಬರುತ್ತದೆ ಅಂದವರೂ ಇದ್ದರು. ಅರ್ಥ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮಾಡಿದವರು ಹೇಳಿದರೆ ಕೇಳೋಣ, ಫೋಟೋದ ಕೆಳಗೆ ನಾವೇ ಅಂಟಿಸುವುದು ಬೇಡ.

ತರಿಸುವ ಮೊದಲು ಮಗಳಿಗೆ ಅಲ್ಲೇ ಇರುವ ಹರ್ಡ್ ಮ್ಯೂಸಿಯಂಗೆ ಒಮ್ಮೆ ಹೋಗಿಬರಲು ಹೇಳಿ. ಒಳ್ಳೆಯ ಮಾಲು ಕಂಡ ಕಣ್ಣು ಬೇಗ ಮೋಸ ಹೋಗುವುದಿಲ್ಲ. ಯಾಕೆಂದರೆ ಅಚ್ಚಿಗೆ ಮಣ್ಣು ಸುರಿದು ಮಾಡಿದ ಮಡಕೆಯ ಮೇಲೆ ಚಿತ್ರ ಬರೆದು ಮಾರುವುದೂ ಇದೆ. ತಪ್ಪೇನಿಲ್ಲ, ಆದರೆ ಬೆಲೆ ಅದರದ್ದೇ ಇರಬೇಕು ಅಲ್ವಾ? ಕೊಳ್ಳುವಾಗ ಒಳಗೆ ಕೈಹಾಕಿ ಸವರಿ ನೋಡಲಿ. ಎಲ್ಲೂ ಒಂದಿಷ್ಟೂ ಏರುಪೇರಿಲ್ಲದೆ ನುಣ್ಣಗಿದ್ದರೆ, ಕೈಯಲ್ಲಿ ಸುತ್ತಿದ್ದೋ ಅಚ್ಚಿನದ್ದೋ ಅಂತ ನೇರವಾಗಿ ಕೇಳಲಿ.

— ಸಂ.