‘ಮುಂದಿನ ಊರು ಬರಲಿ’

ಪ್ರಶ್ನೆ: ನನಗೆ 54 ವರ್ಷ. ಪ್ರೌಢಶಾಲಾ ಶಿಕ್ಷಕಿಯಾಗಿದ್ದು ಸ್ವಯಂ ನಿವೃತ್ತಿ ಪಡೆದಿದ್ದೇನೆ. ನಮ್ಮ ಯಜಮಾನರಿಗೆ 60 ತುಂಬಿ, ಅವರೂ ನಿವೃತ್ತರಾಗಿದ್ದಾರೆ. ಫೋರ್ ವೀಲ್ ಡ್ರೈವ್ ಜೀಪೊಂದನ್ನು ಕೊಂಡು, ಅದರ ನೆತ್ತಿಯ ಮೇಲೆ ಮಲಗುವ ಟೆಂಟ್ ಕೂರಿಸಿದ್ದಾರೆ. ನೇಪಾಳ, ಟಿಬೆಟ್, ಚೀನಾ, ಕಿರ್ಗಿಸ್ತಾನ, ಕಜಾಕಸ್ತಾನ, ರಷ್ಯಾ, ಜಾರ್ಜಿಯಾ, ಟರ್ಕಿ ದಾಟಿ ಲಂಡನ್ನಿನವರೆಗೆ ಏಳು ತಿಂಗಳು ನಾವಿಬ್ಬರೇ ಹೋಗಬೇಕೆಂಬುದು ಅವರ ಬಹುಕಾಲದ ಕನಸು. ನಕ್ಷೆ ಹರಡಿಕೊಂಡು ಊರುಗಳ ಹೆಸರನ್ನು ಪಟ್ಟಿ ಮಾಡಿದವಳು ನಾನೇ. ಕಳೆದ ವರ್ಷ ಪರೀಕ್ಷಾರ್ಥವಾಗಿ ಲಡಾಖ್‌ಗೆ ಹೋದೆವು. ಶೌಚಕ್ಕೆ ನಿಲ್ಲಿಸಿ ಎಂದಾಗಲೆಲ್ಲ ‘ಮುಂದಿನ ಊರು ಬರಲಿ’ ಎನ್ನುತ್ತಿದ್ದರು. ಮೂರನೆಯ ದಿನದಿಂದ ನಾನು ನೀರು ಕುಡಿಯುವುದನ್ನೇ ಬಿಡುತ್ತಾ ಬಂದೆ. ಊರಿಗೆ ಮರಳಿದ ವಾರದಲ್ಲಿ ಮೂತ್ರದ ಸೋಂಕಾಗಿ ಆಸ್ಪತ್ರೆ ಸೇರಿದೆ. ಕಾರಣವನ್ನು ಅವರಿಗೆ ಇಂದಿಗೂ ಹೇಳಿಲ್ಲ. ಈಗ ಖರ್ಚಿಗೆಂದು, ಇಬ್ಬರ ಹೆಸರಿನಲ್ಲಿರುವ ನಿವೇಶನವನ್ನು ಮಾರಲು ನನ್ನ ಸಹಿ ಬೇಕಾಗಿದೆ. ‘ನೀನು ಬರದಿದ್ದರೆ ನಾನೂ ಹೋಗುವುದಿಲ್ಲ’ ಎನ್ನುತ್ತಾರೆ. 81 ವರ್ಷದ ನನ್ನ ತಾಯಿ ತಮ್ಮನ ಮನೆಯಲ್ಲಿದ್ದಾರೆ. ನೆಂಟರೆಲ್ಲ ನನ್ನನ್ನು ಪುಣ್ಯವಂತೆ ಎನ್ನುತ್ತಾರೆ. ಬೇಡವೆನ್ನಲು ಸಂಕೋಚ, ಹೋಗಲು ಭಯ. ಏನು ಮಾಡಲಿ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ನಿವೇಶನ, ತಾಯಿಯವರ ವಯಸ್ಸು, ಏಳು ತಿಂಗಳ ಅಗಲಿಕೆ ಇವೆಲ್ಲ ಭಾರವಾದ ಸಂಗತಿಗಳೇ. ಆದರೂ ನಿಮ್ಮ ಪತ್ರವನ್ನು ಓದುವಾಗ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಂತದ್ದು, ನೀವು ನೀರಿನ ಬಾಟಲಿಯನ್ನು ಬದಿಗಿಟ್ಟ ಆ ಮೂರನೆಯ ದಿನದಲ್ಲಿ. ಆ ದಿನದ ಮಾತು ನಿಮ್ಮಿಬ್ಬರ ನಡುವೆ ಆಗುವವರೆಗೆ ನೀವು ಯಾವ ಕಾಗದಕ್ಕೂ ಸಹಿ ಹಾಕಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ನಮ್ಮ ಹೆಣ್ಣುಮಕ್ಕಳಿಗೆ ಇದು ಹೊಸದಲ್ಲ. ರಾತ್ರಿ ಬಸ್ಸು ಹತ್ತುವ ದಿನ ಸಂಜೆಯಿಂದಲೇ ನೀರು ಬಿಡುವವರು, ಶೌಚಾಲಯ ಸರಿಯಿಲ್ಲದ ಶಾಲೆಯಲ್ಲಿ ಕೊನೆಯ ಗಂಟೆ ಹೊಡೆಯುವವರೆಗೆ ತಡೆದುಕೊಂಡೇ ಪಾಠ ಮಾಡಿದವರು ಎಷ್ಟೋ ಮಂದಿ. ಬಾಯಿಬಿಟ್ಟು ಕೇಳುವುದಕ್ಕಿಂತ ದೇಹವನ್ನು ಒಣಗಿಸುವುದೇ ಸುಲಭವೆಂದು ನಮಗೆ ಅಷ್ಟು ಚೆನ್ನಾಗಿ ರೂಢಿಯಾಗಿದೆ. ಆದರೆ ಲಡಾಖ್ ದಾರಿಯ ತಂಗ್ಲಾಂಗ್ ಲಾ 5,300 ಮೀಟರಿಗೂ ಎತ್ತರದ ಘಟ್ಟ. ಅಂಥ ಕಡೆ ಒಣಗಾಳಿಯಲ್ಲಿ ಉಸಿರಾಟ ಹೆಚ್ಚಿ, ಬೆವರು ಕಾಣದಿದ್ದರೂ ದೇಹ ನೀರನ್ನು ಕಳೆದುಕೊಳ್ಳುತ್ತಲೇ ಇರುತ್ತದೆ. ನೀರಿನ ಕೊರತೆಯಿಂದ ಬರುವ ತಲೆನೋವು, ಸುಸ್ತು, ಓಕರಿಕೆಗಳು ಎತ್ತರದ ಕಾಯಿಲೆಯ ಲಕ್ಷಣಗಳನ್ನೇ ಹೋಲುವುದರಿಂದ, ನಿಜವಾದ ಅಪಾಯ ಬಂದಾಗ ಅದನ್ನು ಗುರುತಿಸುವುದೂ ಕಷ್ಟವಾಗುತ್ತದೆ. ನೀವು ಸಹಿಸಿಕೊಂಡದ್ದು ಬರೀ ಮುಜುಗರವನ್ನಲ್ಲ, ತಾಯಿ.

ನಿಮ್ಮ ಪತಿ ಕಠಿಣ ಮನಸ್ಸಿನವರೆಂದು ನಾನು ಹೇಳುತ್ತಿಲ್ಲ. ಮನಾಲಿ–ಲೇಹ್ ದಾರಿಯಲ್ಲಿ ಸರ್ಚು ಮತ್ತು ಪಾಂಗ್ ನಡುವೆ ಊರೆನ್ನುವಂಥ ಊರೇ ಇಲ್ಲ. ಕತ್ತಲಾಗುವ ಮೊದಲು ಘಟ್ಟ ಇಳಿಯಬೇಕೆಂಬ ಆತಂಕ ಸ್ಟಿಯರಿಂಗ್ ಹಿಡಿದವರನ್ನು ಹಿಂಡುತ್ತದೆ, ಆ ಆತಂಕ ‘ಮುಂದಿನ ಊರು ಬರಲಿ’ ಎಂಬ ಮಾತಾಗಿ ಹೊರಬರುತ್ತದೆ. ಅವರು ನಿಮಗೆ ಕೊಟ್ಟ ಉತ್ತರ ತಪ್ಪು, ಆದರೆ ಅದರ ಬೆಲೆ ನೀವು ಆಸ್ಪತ್ರೆಯಲ್ಲಿ ತೆತ್ತಿರಿ ಎಂಬುದು ಅವರಿಗೆ ತಿಳಿದೇ ಇಲ್ಲ. ತಿಳಿಸುವುದು ಅವರಿಗೆ ನೀವು ಮಾಡುವ ನ್ಯಾಯವೂ ಹೌದು.

ಇದನ್ನು ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ನಿಮ್ಮ ಜೀಪಿನ ಸ್ಟಿಯರಿಂಗ್ ಬಲಗಡೆಗಿದೆ. ನೇಪಾಳದವರೆಗೆ ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ಓಡಿಸಬಹುದು. ಚೀನಾದ ಗಡಿ ದಾಟಿದ ಕ್ಷಣದಿಂದ ಎಲ್ಲವೂ ಬಲಬದಿ, ಮತ್ತೆ ಎಡಬದಿ ಸಿಗುವುದು ಇಂಗ್ಲೆಂಡ್ ತಲುಪಿದ ಮೇಲೆಯೇ. ಅಂದರೆ ಹೆಚ್ಚೂಕಡಿಮೆ ಇಡೀ ಪ್ರಯಾಣದಲ್ಲಿ ನಿಮ್ಮ ಪತಿ ರಸ್ತೆಯ ಅಂಚಿನ ಕಡೆಗೆ ಕುಳಿತಿರುತ್ತಾರೆ, ನೀವು ರಸ್ತೆಯ ನಡುಗೆರೆಯ ಕಡೆಗೆ. ಮುಂದಿನ ಲಾರಿಯನ್ನು ಹಿಂದಿಕ್ಕಬೇಕಾದಾಗ ಎದುರಿನಿಂದ ಬರುವ ವಾಹನ ಮೊದಲು ಕಾಣುವುದು ನಿಮ್ಮ ಕಣ್ಣಿಗೆ. ‘ಈಗ ಬೇಡ, ತಡೆಯಿರಿ’ ಎಂದು ನೀವು ಹೇಳಬೇಕು, ಅವರು ಮರುಮಾತಿಲ್ಲದೆ ಬ್ರೇಕ್ ಮೇಲೆ ಕಾಲಿಡಬೇಕು. ಹೊಟ್ಟೆಯ ಕೆಳಗಿನ ನೋವಿಗೆ ‘ನಿಲ್ಲಿಸಿ’ ಎಂದಾಗ ನಿಲ್ಲದ ವಾಹನ, ಎದುರು ಲಾರಿಗೆ ‘ತಡೆಯಿರಿ’ ಎಂದಾಗ ತಡೆಯುತ್ತದೆಯೇ? ಈ ಪ್ರಶ್ನೆಯನ್ನು ಇದೇ ರೂಪದಲ್ಲಿ ಅವರ ಮುಂದಿಡಿ. ಯಂತ್ರವನ್ನು ಬಲ್ಲ ಮನುಷ್ಯನಿಗೆ ಇದು ತಕ್ಷಣ ಅರ್ಥವಾಗುತ್ತದೆ. ಮಾತು ಜೀಪಿನೊಳಗೆ ಬೇಡ. ಅಲ್ಲಿ ಇಬ್ಬರೂ ಮುಂದೆ ನೋಡುತ್ತಾ ಕೂರುತ್ತೀರಿ. ಮನೆಯ ಜಗಲಿಯ ಮೇಲೆ ಎದುರುಬದುರು ಕುಳಿತು ಹೇಳಿ. ಗಂಟಲು ಕಟ್ಟುತ್ತದೆ ಎನಿಸಿದರೆ, ನನಗೆ ಬರೆದ ಪತ್ರದ ಆ ನಾಲ್ಕು ಸಾಲುಗಳನ್ನೇ ಬರೆದು ಅವರ ಕೈಗಿಡಿ.

ಚೀನಾದ ಭಾಗದ ಬಗ್ಗೆ ನೀವಿಬ್ಬರೂ ಯೋಚಿಸಿದ್ದೀರೋ ಇಲ್ಲವೋ ಪತ್ರದಿಂದ ತಿಳಿಯಲಿಲ್ಲ. ಅಲ್ಲಿ ಹೊರದೇಶದ ವಾಹನವನ್ನು ನಮ್ಮಿಷ್ಟದಂತೆ ಓಡಿಸಲಾಗದು. ತಾತ್ಕಾಲಿಕ ನಂಬರ್ ಪ್ಲೇಟ್, ತಾತ್ಕಾಲಿಕ ಪರವಾನಗಿ, ಮೊದಲೇ ಒಪ್ಪಿಗೆ ಪಡೆದ ದಾರಿ, ಜೊತೆಗೆ ಏಜೆನ್ಸಿಯ ಮಾರ್ಗದರ್ಶಿ ಇವೆಲ್ಲ ಕಡ್ಡಾಯ. ಎಷ್ಟೋ ಸಲ ಆ ಮಾರ್ಗದರ್ಶಿ ನಿಮ್ಮ ವಾಹನದಲ್ಲೇ ಹಿಂದಿನ ಸೀಟಿನಲ್ಲಿ ಕೂರುತ್ತಾರೆ. ಗಂಡನೆದುರೇ ಕೇಳಲು ಹಿಂಜರಿದ ನೀವು, ಪರಿಚಯವಿಲ್ಲದ ಮೂರನೆಯವರೊಬ್ಬರು ಕುಳಿತಿರುವಾಗ ವಾರಗಟ್ಟಲೆ ಹೇಗೆ ಕೇಳುತ್ತೀರಿ ಎಂದು ಯೋಚಿಸಿ ನನಗೆ ಕಳವಳವಾಯಿತು. ಇನ್ನು ದಾರಿಯೇ ಕೈಕೊಡುವುದೂ ಉಂಟು. 2015ರ ಭೂಕಂಪದ ನಂತರ ನೇಪಾಳದ ಕೋದಾರಿ ಗಡಿ ವರ್ಷಗಟ್ಟಲೆ ಮುಚ್ಚಿತ್ತು. ಅದರ ಬದಲಿಗೆ ಬಳಕೆಗೆ ಬಂದ ರಸುವಾಗಢಿಯ ಸೇತುವೆ 2025ರ ಜುಲೈನಲ್ಲಿ ಪ್ರವಾಹಕ್ಕೆ ಕೊಚ್ಚಿಹೋಯಿತು. ಅಂಥ ಹೊತ್ತಿನಲ್ಲಿ ಕಾಯುವುದೋ, ತಿರುಗುವುದೋ, ಮನೆಗೆ ಮರಳುವುದೋ ಎಂಬುದನ್ನು ಇಬ್ಬರೂ ಸರಿಸಮವಾಗಿ ಕುಳಿತು ತೀರ್ಮಾನಿಸಬೇಕು.

ಜರ್ಮನಿಯ ಗುಂಥರ್ ಹೋಲ್ಟೋರ್ಫ್ ಅವರ ಹೆಸರನ್ನು ನಿಮ್ಮ ಪತಿ ಕೇಳಿರಬಹುದು. 1980ರ ದಶಕದ ಕೊನೆಯಲ್ಲಿ ಹೊರಟು 2014ರವರೆಗೆ ಒಂದೇ ಮರ್ಸಿಡಿಸ್ ಜೀಪಿನಲ್ಲಿ ಸುಮಾರು 9 ಲಕ್ಷ ಕಿಲೋಮೀಟರ್ ಸುತ್ತಿದವರು; ಆ ವಾಹನವನ್ನು ಕಂಪನಿಯ ವಸ್ತುಸಂಗ್ರಹಾಲಯಕ್ಕೆ ಸೇರಿಸಲಾಯಿತು. ಇಂಥವರ ಕಥೆಯನ್ನು ಹೇಳುವಾಗ ಜನ ಕಿಲೋಮೀಟರುಗಳನ್ನು ಎಣಿಸುತ್ತಾರೆ. ನನಗೆ ನೆನಪಿನಲ್ಲಿ ಉಳಿದದ್ದು ಬೇರೆ: ಆರಂಭದ ದಿನಗಳಲ್ಲಿ ಜೊತೆಗಿದ್ದ ಪತ್ನಿಯೊಡನೆ ಅವರ ದಾಂಪತ್ಯ ಉಳಿಯಲಿಲ್ಲ, ಆಮೇಲೆ ಕ್ರಿಸ್ಟೀನ್ ಎಂಬಾಕೆ, 2010ರಲ್ಲಿ ಕ್ಯಾನ್ಸರಿನಿಂದ ತೀರಿಕೊಳ್ಳುವವರೆಗೂ, ಅದೇ ಸೀಟಿನಲ್ಲಿ ಕುಳಿತು ಲೋಕ ಸುತ್ತಿದರು. ಒಂದು ಕೋಣೆಗಿಂತ ಚಿಕ್ಕದಾದ ಜಾಗದಲ್ಲಿ ಏಳು ತಿಂಗಳು ಕಳೆಯಲು ಎಲ್ಲರಿಗೂ ಆಗುವುದಿಲ್ಲ, ಆಗದಿದ್ದರೆ ಅದು ಹೆಂಡತಿಯ ಕೊರತೆಯೂ ಅಲ್ಲ.

ಹಾಗಾದರೆ ಹೋಗಲೇಬಾರದೇ? ಹಾಗೆ ಹೇಳಲಾರೆ. ನಕ್ಷೆ ಹರಡಿ ಊರುಗಳ ಹೆಸರು ಬರೆದವರು ನೀವೇ ಎಂಬ ಮಾತಿನಲ್ಲಿ ನಿಮ್ಮ ಆಸೆಯೂ ಕಾಣುತ್ತದೆ. ಮಾತುಕತೆಯ ನಂತರ, ನಿವೇಶನದ ವಿಚಾರವನ್ನು ಪಕ್ಕಕ್ಕಿಟ್ಟು, ಇನ್ನೊಂದು ಪರೀಕ್ಷಾ ಪ್ರಯಾಣ ಮಾಡಿ. ಕಛ್‌ನ ರಣದವರೆಗೆ ಹೋಗಿಬರಲು ಹದಿನೈದು ದಿನ ಸಾಕು. ಈ ಸಲ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ನಿರ್ಧರಿಸುವವರು ನೀವು. ಊರು ಬಂದರೂ ಬರದಿದ್ದರೂ ಎರಡು ಗಂಟೆಗೊಮ್ಮೆ ವಾಹನ ನಿಲ್ಲಲಿ. ಮಡಚಿಡಬಹುದಾದ ಶೌಚದ ಆಸನ, ಸುತ್ತ ಕಟ್ಟುವ ಪುಟ್ಟ ಗುಡಾರ ಎರಡೂ ಇತ್ತೀಚೆಗೆ ಸುಲಭವಾಗಿ ಸಿಗುತ್ತವೆ, ಅವುಗಳನ್ನು ಕೊಳ್ಳುವ ಕೆಲಸ ನಿಮ್ಮ ಪತಿಯದಾಗಲಿ. ನಡುರಾತ್ರಿ ಆ ಟೆಂಟಿನ ಏಣಿ ಇಳಿದು ಹತ್ತಲು ನಿಮ್ಮ ಮಂಡಿ ಒಪ್ಪುತ್ತದೆಯೇ ಎಂಬುದನ್ನೂ ಅಲ್ಲೇ ನೋಡಿ.

ದಿನಕ್ಕೆ ಒಂದು ಗಂಟೆಯಾದರೂ ನೀವೇ ಓಡಿಸಬೇಕು. ಇದು ಗಂಡನ ಅಹಂ ತಗ್ಗಿಸಲಿಕ್ಕಲ್ಲ. ಹಲವು ದೇಶಗಳಲ್ಲಿ ತಾತ್ಕಾಲಿಕವಾಗಿ ಒಳತಂದ ವಾಹನವನ್ನು ಸುಂಕದ ಇಲಾಖೆಯ ಒಪ್ಪಿಗೆಯಿಲ್ಲದೆ ಅಲ್ಲೇ ಬಿಟ್ಟು ವಿಮಾನ ಹತ್ತಲಾಗದು. ಇರಾನ್‌ನಂಥ ದೇಶಗಳು ಕೇಳುವ ಕಾರ್ನೆಟ್ ಪುಸ್ತಕ ವಾಹನದ ಪಾಸ್‌ಪೋರ್ಟ್ ಇದ್ದಂತೆ. ಹೊರಹೋದ ಮುದ್ರೆ ಅದರಲ್ಲಿ ಬೀಳದಿದ್ದರೆ ನೀವು ಇಟ್ಟ ಖಾತರಿ ಹಣಕ್ಕೇ ಕತ್ತರಿ ಬೀಳುತ್ತದೆ. ನಿಮ್ಮ ಪತಿಗೆ ಕಜಾಕಸ್ತಾನದ ಬಯಲಿನಲ್ಲಿ ಎದೆನೋವು ಬಂದರೆ, ಆಸ್ಪತ್ರೆಯವರೆಗೆ ವಾಹನ ಓಡಿಸುವವರು ಯಾರು, ಕಾಗದಗಳು ಎಲ್ಲಿವೆ ಎಂದು ಬಲ್ಲವರು ಯಾರು? ಆದ್ದರಿಂದ ನಿಮ್ಮ ಹೆಸರಿನಲ್ಲೂ ಚಾಲನಾ ಪರವಾನಗಿ ಇರಲಿ, ಆರ್‌ಟಿಒ ಕಚೇರಿ ಕೊಡುವ, ಒಂದು ವರ್ಷ ಮಾನ್ಯವಾದ ಅಂತರರಾಷ್ಟ್ರೀಯ ಪರವಾನಗಿಯೂ ಇರಲಿ.

ತಾಯಿಯವರ ವಿಷಯದಲ್ಲಿ ತಮ್ಮನೊಡನೆ ಈಗಲೇ ಮಾತಾಡಿ: ಎಂಥ ಸುದ್ದಿ ಬಂದರೆ ನೀವು ಒಬ್ಬರೇ ಹಿಂತಿರುಗುತ್ತೀರಿ, ಅದಕ್ಕೆಂದು ಮೀಸಲಿಟ್ಟ ವಿಮಾನದ ಹಣ ಯಾವ ಖಾತೆಯಲ್ಲಿದೆ ಎಂಬುದು ಮೂವರಿಗೂ ಗೊತ್ತಿರಬೇಕು. ಆ ಹಣವನ್ನು ಡೀಸೆಲ್‌ಗೂ ಟೈರಿಗೂ ಮುಟ್ಟಬಾರದು.

ಕಛ್‌ನಿಂದ ಬಂದ ಮೇಲೂ ಭಯ ಹೋಗದಿದ್ದರೆ, ಇಡೀ ದಾರಿಯನ್ನು ಒಪ್ಪಿಕೊಳ್ಳಬೇಕಾಗಿಲ್ಲ. ಚೀನಾದ ಭಾಗದ ಖರ್ಚು ಹಂಚಿಕೊಳ್ಳಲು ಹಲವು ವಾಹನಗಳವರು ಒಟ್ಟಾಗಿ ಹೋಗುವ ರೂಢಿಯಿದೆ. ನಿಮ್ಮ ಪತಿ ಅಂಥದೊಂದು ತಂಡದೊಡನೆ ಟಿಬೆಟ್ಟಿನ ಎತ್ತರವನ್ನು ದಾಟಲಿ, ನೀವು ವಿಮಾನದಲ್ಲಿ ಹೋಗಿ ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲೋ, ಇನ್ನೂ ಮುಂದೆ ಜಾರ್ಜಿಯಾದ ಟಿಬಿಲಿಸಿಯಲ್ಲೋ ಕೂಡಿಕೊಳ್ಳಿ. ‘ನೀನು ಬರದಿದ್ದರೆ ನಾನೂ ಹೋಗುವುದಿಲ್ಲ’ ಎಂಬ ಮಾತಿನಲ್ಲಿ ಪ್ರೀತಿಯಿದೆ ಎಂದೇ ನಾನು ನಂಬುತ್ತೇನೆ. ಆದರೆ ಅದು ನಿಮ್ಮ ಹೆಗಲ ಮೇಲೆ ಅವರ ಇಡೀ ಕನಸಿನ ಹೊರೆಯನ್ನೂ ಇಡುತ್ತದೆ. ‘ನಾನು ಬರುತ್ತೇನೆ, ಎಲ್ಲಿಂದ ಬರುತ್ತೇನೆ ಎಂಬುದನ್ನು ನಾನೇ ಹೇಳುತ್ತೇನೆ’ ಎಂದು ಉತ್ತರಿಸಿ.

ಕಛ್‌ಗೆ ಹೊರಡುವ ಮೊದಲು ಸ್ತ್ರೀರೋಗ ತಜ್ಞರೊಬ್ಬರನ್ನು ಕಂಡು, ಕಳೆದ ವರ್ಷದ ಸೋಂಕಿನ ವಿವರ ಹೇಳಿ ಪರೀಕ್ಷೆ ಮಾಡಿಸಿಕೊಳ್ಳಿ. ನಿಮ್ಮ ವಯಸ್ಸಿನಲ್ಲಿ ಅದು ಮರುಕಳಿಸುವ ಸಾಧ್ಯತೆ ಹೆಚ್ಚು. ಆ ದಿನ ನಿಮ್ಮ ಪತಿಯೂ ಜೊತೆಗೆ ಬಂದು, ವೈದ್ಯರ ಕೊಠಡಿಯೊಳಗೇ ಕುಳಿತು ಕೇಳಿಸಿಕೊಳ್ಳಲಿ.